ಮನೆಯಲ್ಲಿ ಕಟ್ಟಿದ ಮೊಟ್ಟೆ ಕಾವುಪೆಟ್ಟಿಗೆ: ಬಿಸಿ ಏರುಪೇರಾದಾಗ ದೋಷ ಹುಡುಕುವ ಬಗೆ

ಕಾವುಪೆಟ್ಟಿಗೆಯ ಬಿಸಿ ಸರಿಯಿಲ್ಲ ಎನ್ನಿಸಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಗುಂಡಿಗೆ. ಅರ್ಧ ಡಿಗ್ರಿ ಏರಿಸುವುದು, ಒಂದು ಗಂಟೆ ಬಿಟ್ಟು ಇಳಿಸುವುದು, ಮತ್ತೆ ಏರಿಸುವುದು. ಹೀಗೆ ಎರಡು ದಿನ ಕಳೆದರೆ ಮೂಲ ದೋಷ ಯಾವುದಿತ್ತು ಎಂಬುದೇ ತಿಳಿಯದಂತಾಗುತ್ತದೆ. ಗುಂಡಿ ಒತ್ತುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ನಾವು ಓದುತ್ತಿರುವ ಅಂಕಿ ನಿಜವೇ? ನಿಜವಾದರೆ, ಬಿಸಿ ಯಾವ ರೀತಿಯಲ್ಲಿ ಕೆಡುತ್ತಿದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ದೋಷ ಎಲ್ಲಿದೆ ಎಂಬುದು ಬಹುಪಾಲು ತಾನಾಗಿ ಕಾಣುತ್ತದೆ.

ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಥರ್ಮಾಕೋಲ್ ಅಥವಾ ಪ್ಲೈವುಡ್ ಪೆಟ್ಟಿಗೆ, ಒಂದೆರಡು ಬಲ್ಬು ಅಥವಾ ಸಣ್ಣ ಹೀಟರ್, ರಿಲೇ (ಬಲ್ಬನ್ನು ತಾನಾಗಿ ಹೊತ್ತಿಸಿ ಆರಿಸುವ ವಿದ್ಯುತ್ ಸ್ವಿಚ್) ಇರುವ ಡಿಜಿಟಲ್ ಥರ್ಮೋಸ್ಟಾಟ್, ಕಂಪ್ಯೂಟರಿನಲ್ಲಿ ಬಳಸುವಂಥ 12 ವೋಲ್ಟ್ ಫ್ಯಾನ್, ನೀರಿನ ತಟ್ಟೆ ಇರುವ ಸಾಮಾನ್ಯ ರಚನೆ. ಮೊಟ್ಟೆ ಕೋಳಿಯದು. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಫ್ಯಾನ್ ಇಲ್ಲದಿದ್ದರೆ ಗಾಳಿ ಪದರ ಪದರವಾಗಿ ನಿಲ್ಲುತ್ತದೆ, ಮೇಲೆ ಬಿಸಿ, ಕೆಳಗೆ ತಂಪು. ಆಗ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38.3ರಿಂದ 38.9 ಡಿಗ್ರಿ ಇರಬೇಕು. ಈ ಎರಡು ಅಂಕಿಗಳನ್ನು ಬೆರೆಸಿಕೊಂಡು ಫ್ಯಾನ್ ಇರುವ ಪೆಟ್ಟಿಗೆಯನ್ನು 38.8ರಲ್ಲಿ ಇಟ್ಟು ಇಡೀ ಕಂತು, ಅಂದರೆ ಒಮ್ಮೆಗೆ ಕಾವಿಗಿಟ್ಟ ಮೊಟ್ಟೆಗಳನ್ನೆಲ್ಲ, ಕಳೆದುಕೊಳ್ಳುವವರು ಸಾಕಷ್ಟು ಮಂದಿ ಇದ್ದಾರೆ. ದೋಷ ಹುಡುಕುವ ಮೊದಲು ನಿಮ್ಮ ಗುರಿಯೇ ಸರಿಯಿದೆಯೇ ನೋಡಿಕೊಳ್ಳಿ.

ತಕ್ಷಣ ಪ್ಲಗ್ ಕಿತ್ತು ನಿಲ್ಲಿಸಬೇಕಾದ ಲಕ್ಷಣಗಳು

ಸುಟ್ಟ ವಾಸನೆ, ಬಲ್ಬಿನ ಹತ್ತಿರ ಥರ್ಮಾಕೋಲ್ ಕರಗಿ ಕುಗ್ಗಿರುವುದು, ಹೋಲ್ಡರ್ ಸುತ್ತ ಕಂದು ಬಣ್ಣ, ಕೈಗೆ ಬಿಸಿ ತಾಗುವ ತಂತಿ, ಪೆಟ್ಟಿಗೆಯ ಲೋಹದ ಭಾಗ ಮುಟ್ಟಿದಾಗ ಜುಮ್ಮೆನ್ನುವುದು. ಇವುಗಳಲ್ಲಿ ಒಂದು ಕಂಡರೂ ಪ್ಲಗ್ ಕೀಳಿ. ಮೊಟ್ಟೆಗಳ ಚಿಂತೆಯಿಂದ ತಡ ಮಾಡಬೇಡಿ. ತಾಯಿಕೋಳಿಯೂ ಮೇವಿಗೆ, ನೀರಿಗೆ ಎದ್ದು ಹೋಗುತ್ತದೆ. ಅಷ್ಟು ಹೊತ್ತು ಮೊಟ್ಟೆ ತಣ್ಣಗಾದರೂ ಭ್ರೂಣ ತಾಳಿಕೊಳ್ಳುತ್ತದೆ. ತಂಪನ್ನು ತಾಳುವಷ್ಟು ಬಿಸಿಯನ್ನು ಅದು ತಾಳುವುದಿಲ್ಲ. ಒಳಗಿನ ಗಾಳಿ 40 ಡಿಗ್ರಿ ದಾಟಿ ಗಂಟೆಗಟ್ಟಲೆ ನಿಂತರೆ ಭ್ರೂಣಗಳು ಸಾಯತೊಡಗುತ್ತವೆ. ಆದ್ದರಿಂದ ಅನುಮಾನ ಬಂದಾಗ ಆರಿಸುವುದು ಮೊಟ್ಟೆಗೂ ಒಳ್ಳೆಯದು, ಮನೆಗೂ ಒಳ್ಳೆಯದು.

ಮುಂದಿನ ಎಲ್ಲ ತಪಾಸಣೆಯಲ್ಲಿ ಒಂದು ಕಟ್ಟುನಿಟ್ಟು: ಒಳಗೆ ಕೈ ಹಾಕುವ ಮೊದಲು ಪ್ಲಗ್ ಹೊರಗಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ ತಪ್ಪು ತಂತಿಯ ಮೇಲೆ ಕೂತಿದ್ದರೆ ಬಲ್ಬು ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ ಇರುತ್ತದೆ. ಕಾವುಪೆಟ್ಟಿಗೆಯ ಒಳಗೆ ತೇವ ಹೆಚ್ಚು, ಪಕ್ಕದಲ್ಲೇ ನೀರಿನ ತಟ್ಟೆ. ಒಣ ಜಾಗದ ವೈರಿಂಗಿಗೆ ಸಿಗುವ ರಿಯಾಯಿತಿ ಇಲ್ಲಿ ಇಲ್ಲ. 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ (ಆರ್‌ಸಿಸಿಬಿ) ಇರುವ ಸಾಲಿನಿಂದಲೇ ವಿದ್ಯುತ್ ಕೊಡಿ, ಲೋಹದ ಚೌಕಟ್ಟಿದ್ದರೆ ಅದಕ್ಕೆ ಅರ್ತಿಂಗ್ ಮಾಡಿ. 60 ವ್ಯಾಟ್ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹೀಗಾಗಿ 1 ಆಂಪಿಯರ್ ಫ್ಯೂಸ್ ಧಾರಾಳವಾಗಿ ಸಾಕು. ಗೋಡೆಯ ದೊಡ್ಡ ಫ್ಯೂಸನ್ನು ನಂಬಿ ಕೂತರೆ ಪೆಟ್ಟಿಗೆಯ ತೆಳು ತಂತಿ ಕರಗಿದರೂ ಅದು ಅಲುಗುವುದಿಲ್ಲ.

ಅಂಕಿ ನಿಜವೇ?

ಅಗ್ಗದ ತಾಪ-ತೇವ ಮಾಪಕಗಳು ಒಂದು ಡಿಗ್ರಿ ಆಚೀಚೆ ತೋರಿಸುವುದು ತೀರಾ ಸಾಮಾನ್ಯ. ಕೋಣೆಯ ಸೆಕೆ ತಿಳಿಯಲು ಅದು ಸಾಕು. ಕಾವಿಗೆ ಸಾಲದು, ಇಲ್ಲಿ ಒಂದು ಡಿಗ್ರಿ ಎಂದರೆ ಮರಿ ಒಂದು ದಿನ ಮೊದಲು ಅಥವಾ ತಡವಾಗಿ ಬರುವಷ್ಟು ವ್ಯತ್ಯಾಸ. ಮೂರು ಮಾಪಕ ಇಟ್ಟು ಮೂರೂ ಬೇರೆ ಬೇರೆ ತೋರಿಸಿದಾಗ ಅವುಗಳ ಸರಾಸರಿ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ನಂಬಬಹುದಾದ ಒಂದೇ ಒಂದು ಸಾಕು.

ಅಂಥದ್ದು ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ: ಜ್ವರ ನೋಡುವ ಥರ್ಮಾಮೀಟರ್. ಅದು ಚೆನ್ನಾಗಿ ಅಳೆಯುವುದೇ 35ರಿಂದ 42 ಡಿಗ್ರಿಗಳ ನಡುವೆ, ಅಂದರೆ ನಮಗೆ ಬೇಕಾದ ಜಾಗದಲ್ಲೇ. ಒಂದು ಲೋಟದಲ್ಲಿ 38 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ನೀರು ತೆಗೆದುಕೊಳ್ಳಿ. ಥರ್ಮೋಸ್ಟಾಟಿನ ಸೆನ್ಸರ್ ತುದಿಯನ್ನೂ ಜ್ವರಮಾಪಕದ ತುದಿಯನ್ನೂ ರಬ್ಬರ್ ಬ್ಯಾಂಡಿನಿಂದ ಸೇರಿಸಿ ಕಟ್ಟಿ, ನೀರಿನಲ್ಲಿ ಮುಳುಗಿಸಿ, ಕಲಕುತ್ತಾ ಓದಿ. ಎರಡೂ ಒಂದೇ ನೀರಿನಲ್ಲಿ, ಒಂದೇ ಜಾಗದಲ್ಲಿ ಇರುವುದರಿಂದ ಕಂಡ ವ್ಯತ್ಯಾಸವೆಲ್ಲ ಸೆನ್ಸರಿನದು. ಜ್ವರಮಾಪಕ ತಾನು ಕಂಡ ಗರಿಷ್ಠ ಅಂಕಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನೆನಪಿರಲಿ. ನೀರು ತಣಿಯುತ್ತಿದ್ದರೂ ಅದರ ಅಂಕಿ ಇಳಿಯುವುದಿಲ್ಲ. ಆದ್ದರಿಂದ ಪ್ರತಿ ಓದಿಗೂ ಅದನ್ನು ಆರಿಸಿ ಹೊಸದಾಗಿ ಆರಂಭಿಸಬೇಕು, ಗಾಜಿನದಾದರೆ ಕೊಡವಬೇಕು. ಸೆನ್ಸರ್ ನೀರು ತಾಳುವಂಥದ್ದಲ್ಲದಿದ್ದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಮುಳುಗಿಸಿ; ನಿಂತ ಅಂಕಿ ಬರಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ.

ಬಹಳ ಜನ ಬಳಸುವ ಡಬ್ಲ್ಯೂ1209 ಎಂಬ ಥರ್ಮೋಸ್ಟಾಟ್ ಮಾಡ್ಯೂಲಿನಲ್ಲಿ ಈ ವ್ಯತ್ಯಾಸವನ್ನು ಸರಿಪಡಿಸಲೆಂದೇ ಪಿ4 ಎಂಬ ಆಯ್ಕೆ ಇದೆ. ಸೆನ್ಸರ್ 0.6 ಹೆಚ್ಚು ತೋರಿಸುತ್ತಿದ್ದರೆ ಪಿ4ರಲ್ಲಿ ಮೈನಸ್ 0.6 ಕೊಡಿ. ಹೀಗೆ ಮಾಡಿದ ಮೇಲೆ ಪರದೆಯ ಅಂಕಿಯನ್ನು ನೇರವಾಗಿ ನಂಬಬಹುದು, ಪ್ರತಿಸಲ ಮನಸ್ಸಿನಲ್ಲಿ ಕೂಡಿ ಕಳೆಯಬೇಕಿಲ್ಲ.

ಅಂಕಿ ಸರಿಯಿದ್ದರೂ ಸೆನ್ಸರ್ ಕೂತ ಜಾಗ ತಪ್ಪಾಗಿರಬಹುದು. ಅದು ಮೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ, ಗಾಳಿ ಹರಿಯುವ ಕಡೆ, ಯಾವುದಕ್ಕೂ ತಾಗದೆ ತೂಗುತ್ತಿರಬೇಕು. ಬಲ್ಬಿನ ಬೆಳಕು ಅದರ ಮೇಲೆ ನೇರವಾಗಿ ಬೀಳಬಾರದು. ಬೆಳಕು ಬಿದ್ದರೆ ಸೆನ್ಸರ್ ಗಾಳಿಗಿಂತ ಬೇಗ ಕಾಯುತ್ತದೆ, ಥರ್ಮೋಸ್ಟಾಟ್ ಬೇಗ ಆರಿಸುತ್ತದೆ, ಮೊಟ್ಟೆಗಳು ತಂಪಾಗಿಯೇ ಉಳಿಯುತ್ತವೆ. ನಡುವೆ ಒಂದು ತಗಡಿನ ತುಂಡು ನಿಲ್ಲಿಸಿ ನೋಡಿ. ಅದನ್ನು ನಿಲ್ಲಿಸಿದ ಮೇಲೆ ಬಲ್ಬು ಉರಿಯುವ ಅವಧಿ ಬದಲಾದರೆ ದೋಷ ಅಲ್ಲೇ ಇತ್ತು.

ಬಿಸಿ ಏರುತ್ತಲೇ ಹೋಗುತ್ತಿದೆ

ಇದೇ ಅತ್ಯಂತ ಅಪಾಯದ ದೋಷ. ಆದ್ದರಿಂದ ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲು ನೋಡಬೇಕಾದದ್ದು ಸೆನ್ಸರ್ ಇನ್ನೂ ಪೆಟ್ಟಿಗೆಯ ಒಳಗಿದೆಯೇ ಎಂಬುದು. ಹೇಳಲು ಸರಳ, ಆದರೆ ಮೊಟ್ಟೆ ತಿರುಗಿಸುವಾಗ ತಂತಿ ಎಳೆದು ಸೆನ್ಸರ್ ತೂತಿನಿಂದ ಹೊರಗೆ ಜಾರುವುದು, ಅಥವಾ ಕಳಚಿ ತಣ್ಣನೆಯ ನೀರಿನ ತಟ್ಟೆಗೆ ಬೀಳುವುದು ನಿಜವಾಗಿ ನಡೆಯುವ ಸಂಗತಿ. ಆಗ ಥರ್ಮೋಸ್ಟಾಟ್ ಹೊರಗಿನ ತಂಪನ್ನು ಓದಿ ಬಲ್ಬನ್ನು ಉರಿಸುತ್ತಲೇ ಇರುತ್ತದೆ. ಉಪಕರಣ ಕೆಟ್ಟಿಲ್ಲ, ಅದಕ್ಕೆ ತಪ್ಪು ಜಾಗ ತೋರಿಸಲಾಗಿದೆ. ಸೆನ್ಸರ್ ತಂತಿಯನ್ನು ಎರಡು ಕಡೆ ಟೈ ಹಾಕಿ ಬಿಗಿಯಿರಿ. ಟೇಪು ತೇವದಲ್ಲಿ ಬಿಟ್ಟುಕೊಳ್ಳುತ್ತದೆ.

ಎರಡನೆಯದು ಮೋಡ್. ಡಬ್ಲ್ಯೂ1209ರಲ್ಲಿ ಪಿ0 ಎಂಬಲ್ಲಿ ಎರಡು ಆಯ್ಕೆ: ಬಿಸಿಗೆ ಎಚ್, ತಂಪಿಗೆ ಸಿ. ಹೊಸ ಮಾಡ್ಯೂಲ್ ಹೆಚ್ಚಾಗಿ ಸಿ ಇಟ್ಟುಕೊಂಡೇ ಬರುತ್ತದೆ. ಆ ಸ್ಥಿತಿಯಲ್ಲಿ ಬಿಸಿ ಗುರಿ ದಾಟಿದ ಮೇಲೆ ರಿಲೇ ಆನ್ ಆಗುತ್ತದೆ, ಅಂದರೆ ಕಾದಷ್ಟೂ ಇನ್ನಷ್ಟು ಕಾಯಿಸುತ್ತದೆ. ಕೋಣೆ ತಂಪಾಗಿದ್ದಾಗ ಬಲ್ಬು ಹೊತ್ತಿಕೊಳ್ಳದೇ ಇರುವುದೂ, ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಗುರಿಯ ಅಂಕಿಯನ್ನು 30ಕ್ಕೆ ಇಳಿಸಿದಾಗ ಹೊತ್ತಿಕೊಳ್ಳುವುದೂ ಇದರ ಗುರುತು.

ಮೂರನೆಯದು ಅಂಟಿಕೊಂಡ ರಿಲೇ. ರಿಲೇಯೊಳಗಿನ ಎರಡು ಲೋಹದ ತುದಿಗಳು ಪ್ರತಿ ಸಲ ಸೇರುವಾಗಲೂ ಬೇರ್ಪಡುವಾಗಲೂ ಸಣ್ಣ ಕಿಡಿ ಹಾರುತ್ತದೆ. ಫಿಲಮೆಂಟ್ ಬಲ್ಬು ತಣ್ಣಗಿದ್ದಾಗ ಅದರ ತಂತಿಯ ರೋಧ ತೀರಾ ಕಡಿಮೆ. ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವಿದ್ಯುತ್ ಹರಿಯುತ್ತದೆ. ಈ ಹೊಡೆತಗಳನ್ನು ತಿನ್ನುತ್ತಾ ತಿನ್ನುತ್ತಾ ತುದಿಗಳು ಒಂದು ದಿನ ಬೆಸೆದುಕೊಳ್ಳುತ್ತವೆ. ಮಾಡ್ಯೂಲಿನ ಪುಟ್ಟ ದೀಪ ಆರಿದೆ, ಆದರೆ ಬಲ್ಬು ಉರಿಯುತ್ತಲೇ ಇದೆ ಎಂದಾದರೆ ಇದೇ ಕಾರಣ. ಪ್ಲಗ್ ಕಿತ್ತು, ರಿಲೇಯ ಎರಡೂ ತಂತಿ ಬಿಡಿಸಿ, ಮಲ್ಟಿಮೀಟರ್ ಇಟ್ಟು ನೋಡಿ. ಮಾಡ್ಯೂಲಿಗೆ ವಿದ್ಯುತ್ ಇಲ್ಲದಾಗ ಆ ಎರಡು ಟರ್ಮಿನಲ್ಲುಗಳ ನಡುವೆ ದಾರಿ ಇರಬಾರದು. ದಾರಿ ಇದ್ದರೆ ಎರಡರಲ್ಲೊಂದು: ರಿಲೇ ಬೆಸೆದುಕೊಂಡಿದೆ, ಇಲ್ಲವೇ ತಂತಿಯನ್ನು ಸಹಜವಾಗಿ ಮುಚ್ಚಿರುವ (ರಿಲೇ ಆರಿದ್ದಾಗ ವಿದ್ಯುತ್ ಹರಿಯಬಿಡುವ) ಟರ್ಮಿನಲ್ಲಿಗೆ ತಪ್ಪಾಗಿ ಜೋಡಿಸಲಾಗಿದೆ. ಬೆಸೆದ ರಿಲೇಯನ್ನು ತಟ್ಟಿ ಬಿಡಿಸಿ ಮತ್ತೆ ಬಳಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಒಮ್ಮೆ ಅಂಟಿದ್ದು ಮತ್ತೆ ಅಂಟುತ್ತದೆ, ಅದೂ ಎಲ್ಲರೂ ಮಲಗಿರುವಾಗ. ರಿಲೇಗೆ ಬದಲು ಸೇರಿ ಬೇರ್ಪಡುವ ತುದಿಗಳೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಹಾಕಿದರೆ ಕಿಡಿಯ ಕಾಟ ತಪ್ಪುತ್ತದೆ. ಆದರೆ ಅದು ಕೆಟ್ಟಾಗಲೂ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ, ಆದ್ದರಿಂದ ಮುಂದೆ ಹೇಳುವ ಕಾವಲು ಅದಕ್ಕೂ ಬೇಕು.

ವಿದ್ಯುತ್ತಿಗೆ ಸಂಬಂಧವೇ ಇಲ್ಲದ ಕಾರಣವೂ ಉಂಟು: ಬಿಸಿಲು. ಕಿಟಕಿಯಿಂದ ಬಿದ್ದ ಬಿಸಿಲು ಮುಚ್ಚಿದ ಪೆಟ್ಟಿಗೆಯನ್ನು ಬಲ್ಬಿಲ್ಲದೆಯೇ 40ರ ಮೇಲೆ ಒಯ್ಯಬಲ್ಲದು. ಥರ್ಮೋಸ್ಟಾಟಿಗೆ ಬಿಸಿ ಕೊಡುವುದನ್ನು ನಿಲ್ಲಿಸುವುದಷ್ಟೇ ಗೊತ್ತು, ತಂಪು ಮಾಡಲು ಬರುವುದಿಲ್ಲ. ಬಲ್ಬು ಆರಿಯೇ ಇದ್ದು ಅಂಕಿ ಏರುತ್ತಿದ್ದರೆ ಪೆಟ್ಟಿಗೆಯ ಜಾಗ ಬದಲಿಸುವುದೊಂದೇ ದಾರಿ.

ಇನ್ನು ಸೆನ್ಸರೇ ತುಂಡಾದರೆ? ಈ ಮಾಡ್ಯೂಲುಗಳ ಸೆನ್ಸರ್ ತಂಪಾದಷ್ಟೂ ರೋಧ ಹೆಚ್ಚಿಸಿಕೊಳ್ಳುವ ಜಾತಿಯದು. ತಂತಿ ತುಂಡಾದಾಗ ರೋಧ ಅಪಾರವಾಗುತ್ತದೆ, ಸರಳ ಸರ್ಕ್ಯೂಟಿಗೆ ಅದು ಹಿಮದಂಥ ಚಳಿ ಎಂದು ತೋರುತ್ತದೆ. ಒಳ್ಳೆಯ ಮಾಡ್ಯೂಲ್ ಪರದೆಯಲ್ಲಿ ದೋಷದ ಗುರುತು ತೋರಿಸಿ ರಿಲೇ ಬಿಡುತ್ತದೆ. ನಿಮ್ಮದು ಏನು ಮಾಡುತ್ತದೆ ಎಂಬುದನ್ನು ಮೊಟ್ಟೆ ಇಡುವ ಮೊದಲೇ ಪರೀಕ್ಷಿಸಿ. ಪ್ಲಗ್ ತೆಗೆದು, ಸೆನ್ಸರ್ ಕಳಚಿ, ಮತ್ತೆ ವಿದ್ಯುತ್ ಕೊಟ್ಟು ಬಲ್ಬು ಹೊತ್ತಿಕೊಳ್ಳುತ್ತದೆಯೇ ನೋಡಿ. ಹೊತ್ತಿಕೊಂಡರೆ ಆ ಮಾಡ್ಯೂಲನ್ನು ಒಂಟಿಯಾಗಿ ನಂಬಲಾಗದು.

ನಿಜ ಹೇಳಬೇಕೆಂದರೆ ಯಾವ ಮಾಡ್ಯೂಲನ್ನೂ ಒಂಟಿಯಾಗಿ ನಂಬಲಾಗದು. ಹೀಟರಿಗೆ ಹೋಗುವ ಫೇಸ್ ತಂತಿಯಲ್ಲಿ, ಮೊದಲ ರಿಲೇಗೆ ಯಾವ ಸಂಬಂಧವೂ ಇಲ್ಲದ ಎರಡು ತಡೆಗಳು ಸರಣಿಯಲ್ಲಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು, ಮರಿಗಳನ್ನು ಉಳಿಸಲು: ತನ್ನದೇ ಸೆನ್ಸರ್ ಇರುವ ಎರಡನೆಯ ಥರ್ಮೋಸ್ಟಾಟ್, 38.5ಕ್ಕೆ ಹೊಂದಿಸಿದ್ದು. ಮೊದಲನೆಯದು ಅಂಟಿಕೊಂಡರೆ ಇದು ಕಡಿದುಹಾಕುತ್ತದೆ. ಇನ್ನೊಂದು, ಮನೆಯನ್ನು ಉಳಿಸಲು: ಬಲ್ಬಿನ ಮೇಲಿನ ಛಾವಣಿಯ ಹತ್ತಿರ ಒಂದು ಥರ್ಮಲ್ ಫ್ಯೂಸ್, 72ರಿಂದ 77 ಡಿಗ್ರಿಯದು. ಅದು ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ, ಹೊಸದು ಹಾಕಬೇಕು. ಹಾಕುವಾಗ ಬೆಸುಗೆಯ ಬಿಸಿಗೇ ಅದು ಹಾರಿಹೋಗಬಹುದು, ಆದ್ದರಿಂದ ಒತ್ತಿ ಕೂಡಿಸುವ ಕನೆಕ್ಟರ್ ಬಳಸಿ. ಎರಡನೆಯ ಥರ್ಮೋಸ್ಟಾಟ್ ಸಿಗದಿದ್ದರೆ ಕೆಎಸ್‌ಡಿ301 ಜಾತಿಯ ಪುಟ್ಟ ಬೈಮೆಟಲ್ (ಬಿಸಿಗೆ ಬಾಗುವ ಜೋಡಿ ಲೋಹದ) ಸ್ವಿಚ್ಚೂ ಆದೀತು: ಸಹಜವಾಗಿ ಮುಚ್ಚಿರುವ, 40 ಅಥವಾ 45 ಡಿಗ್ರಿಗೆ ತೆರೆಯುವಂಥದ್ದು. ಅದು ಅಷ್ಟು ನಿಖರವಲ್ಲ, ಆದರೆ ಅದರಲ್ಲಿ ಕೆಡುವ ಎಲೆಕ್ಟ್ರಾನಿಕ್ಸ್ ಇಲ್ಲ.

ಥರ್ಮಾಕೋಲ್ 80 ಡಿಗ್ರಿಯ ಆಚೀಚೆಗೆ ಮೆತ್ತಗಾಗಿ ಕುಗ್ಗತೊಡಗುತ್ತದೆ, ಹೊತ್ತಿಕೊಂಡರೆ ಕಪ್ಪು ಹೊಗೆ ಕಾರುತ್ತಾ ಉರಿಯುತ್ತದೆ. 60 ವ್ಯಾಟ್ ಬಲ್ಬಿನ ಗಾಜು 100 ಡಿಗ್ರಿ ದಾಟುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಲ್ಬಿನ ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ ನೋಡಿ. ಎಲ್ಲ ಕಡೆಯೂ ಕನಿಷ್ಠ 10 ಸೆಂಟಿಮೀಟರ್ ಇರಲಿ, ಬಲ್ಬಿಗೆ ತಂತಿಜಾಲರಿಯ ಪಂಜರ ಇರಲಿ. ಮೊದಲು ಚಿಪ್ಪೊಡೆದು ಬಂದ ಮರಿ ಬೆಳಕಿನ ಕಡೆಗೇ ತೆವಳುತ್ತದೆ ಎಂಬ ಕಾರಣಕ್ಕೂ ಜಾಲರಿ ಬೇಕು. ಬರಿಯ ನೈಕ್ರೋಮ್ ತಂತಿಯನ್ನು (ಹೀಟರುಗಳಲ್ಲಿ ಕಾಯುವ ತಂತಿ) ಪೆಟ್ಟಿಗೆಯೊಳಗೆ ಎಳೆಯುವ ರಚನೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಹೊಸದಾಗಿ ಕಟ್ಟುವವರಿಗೆ 12 ವೋಲ್ಟಿನ ಪಿಟಿಸಿ ಹೀಟರ್ ಒಳ್ಳೆಯ ಆಯ್ಕೆ. ಕಾದಂತೆ ತಾನೇ ತನ್ನ ವಿದ್ಯುತ್ತನ್ನು ತಗ್ಗಿಸಿಕೊಳ್ಳುತ್ತದೆ, ಒಳಗೆ ಮನೆಯ ವಿದ್ಯುತ್ತೂ ಇರುವುದಿಲ್ಲ.

ಅಂಕಿ ಮೇಲೆ ಕೆಳಗೆ ತೂಗುತ್ತಿದೆ

ಒಂದು ಗಂಟೆ ಕುಳಿತು ಗರಿಷ್ಠ, ಕನಿಷ್ಠ ಅಂಕಿಗಳನ್ನೂ ಬಲ್ಬು ಹೊತ್ತಿದ, ಆರಿದ ಹೊತ್ತನ್ನೂ ಬರೆದುಕೊಳ್ಳಿ. ತೂಗಾಟ ಅರ್ಧ ಡಿಗ್ರಿಯೊಳಗಿದ್ದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಭ್ರೂಣ ಇರುವುದು ಚಿಪ್ಪಿನೊಳಗೆ, 50-60 ಗ್ರಾಂ ತೇವದ ನಡುವೆ. ಗಾಳಿಯ ಇಷ್ಟು ಸಣ್ಣ ಏರಿಳಿತ ಅಲ್ಲಿಗೆ ತಲುಪುವ ಮೊದಲೇ ಸಮವಾಗಿಬಿಡುತ್ತದೆ. ಮೊಟ್ಟೆಗೆ ಮುಖ್ಯ ಸರಾಸರಿ.

ಆ ಸರಾಸರಿಯಲ್ಲೇ ಒಂದು ಬಲೆ ಇದೆ. ಡಬ್ಲ್ಯೂ1209ರ ಪಿ1 ಎಂಬುದು ಆರಿದ ಬಲ್ಬು ಮತ್ತೆ ಹೊತ್ತುವ ಮೊದಲು ಬಿಸಿ ಎಷ್ಟು ಇಳಿಯಬೇಕು ಎಂಬ ಅಂತರ. ಅದು 2.0 ಎಂದು ಹೊಂದಿಸಿಕೊಂಡೇ ಬರುತ್ತದೆ. ಗುರಿ 37.5 ಎಂದು ಕೊಟ್ಟರೆ ಬಲ್ಬು ಆರುವುದು 37.5ಕ್ಕೆ, ಮತ್ತೆ ಹೊತ್ತುವುದು 35.5ಕ್ಕೆ. ಪರದೆಯಲ್ಲಿ ಆಗಾಗ 37.5 ಕಾಣುತ್ತಲೇ ಇರುತ್ತದೆ, ಆದರೆ ಮೊಟ್ಟೆಗೆ ಸಿಗುವ ಸರಾಸರಿ 36.5ರ ಸುತ್ತ. ಮರಿಗಳು ತಡವಾಗಿ, ಬಲವಿಲ್ಲದೆ ಬಂದಾಗ ಮೊಟ್ಟೆಯನ್ನೂ ಹುಂಜವನ್ನೂ ದೂರುವ ಮೊದಲು ಪಿ1 ನೋಡಿ. ಹಾಗೆಂದು 0.1ಕ್ಕೆ ಇಳಿಸುವುದೂ ಬೇಡ. ಬಲ್ಬು ಅರ್ಧ ನಿಮಿಷಕ್ಕೊಮ್ಮೆ ಹೊತ್ತಿ ಆರಿದರೆ ದಿನಕ್ಕೆ 2,880 ಸಲ, 21 ದಿನಕ್ಕೆ 60,480 ಸಲ. ಸಾಮಾನ್ಯ ರಿಲೇಗಳಿಗೆ ಪೂರ್ಣ ಹೊರೆಯಲ್ಲಿ ಹೇಳುವ ಆಯುಸ್ಸು ಒಂದು ಲಕ್ಷ ಸಲದ ಲೆಕ್ಕದ್ದು. ಒಂದೇ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಯಿತು. 0.3 ಇಟ್ಟರೆ ಎರಡೂ ಕಡೆ ನ್ಯಾಯ ಸಿಗುತ್ತದೆ. ಪಿ5 ಎಂಬ ವಿಳಂಬ ಸೊನ್ನೆಯಲ್ಲಿರಲಿ. ಅದು ಕಂಪ್ರೆಸರುಗಳಿಗೆ ಬೇಕಾದದ್ದು, ಬಲ್ಬಿಗಲ್ಲ.

ಅಂತರ ಸರಿಯಿದ್ದರೂ ಅಂಕಿ ಗುರಿಯನ್ನು ಒಂದು ಡಿಗ್ರಿ ದಾಟಿ ಹೋಗುತ್ತಿದ್ದರೆ ಬಲ್ಬು ದೊಡ್ಡದಾಯಿತು. ಪೆಟ್ಟಿಗೆಗೆ ಎಷ್ಟು ಬಿಸಿ ಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಒಂದೊಂದು ಬದಿ 40 ಸೆಂಟಿಮೀಟರ್ ಇರುವ, 25 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಪೆಟ್ಟಿಗೆಯ ಹೊರಮೈ ಸುಮಾರು ಒಂದು ಚದರ ಮೀಟರ್. ಹೊರಗೆ 22 ಡಿಗ್ರಿ ಇದ್ದರೆ ಗೋಡೆಗಳಿಂದ ಸೋರುವುದು ಸುಮಾರು 20 ವ್ಯಾಟ್, ಗಾಳಿಕಿಂಡಿ ಮತ್ತು ನೀರಿನ ಆವಿ ಸೇರಿದರೆ 30ರ ಹತ್ತಿರ. ಇದಕ್ಕೆ 100 ವ್ಯಾಟ್ ಬಲ್ಬು ಹಾಕಿದರೆ ಥರ್ಮೋಸ್ಟಾಟ್ ಆರಿಸಿದ ಮೇಲೂ ಕಾದ ಗಾಜು, ಹೋಲ್ಡರ್, ತಗಡು ಬಿಸಿ ಬಿಡುತ್ತಲೇ ಇರುತ್ತವೆ. ಬೇಕಾದದ್ದರ ಒಂದೂವರೆ ಎರಡು ಪಟ್ಟು ಸಾಕು, ಅಂದರೆ ಇಲ್ಲಿ 50-60 ವ್ಯಾಟ್. ಅದನ್ನೂ ಒಂದೇ ಬಲ್ಬಿನಲ್ಲಿ ಇಡದೆ 25 ವ್ಯಾಟಿನ ಎರಡನ್ನು ಸಮಾಂತರವಾಗಿ ಹಾಕಿದರೆ ಒಂದು ಸುಟ್ಟುಹೋದರೂ ಇನ್ನೊಂದು ಪೆಟ್ಟಿಗೆಯನ್ನು ಬೆಚ್ಚಗಿಡುತ್ತದೆ. ಮಾಮೂಲಿ ಫಿಲಮೆಂಟ್ ಬಲ್ಬಿನ ಆಯುಸ್ಸು ಸುಮಾರು 1,000 ಗಂಟೆ. 21 ದಿನ ಎಂದರೆ 504 ಗಂಟೆ. ಹಳೆಯ ಬಲ್ಬಿನಿಂದ ಹೊಸ ಕಂತು ಆರಂಭಿಸಬೇಡಿ. ದೊಡ್ಡ ಬಲ್ಬುಗಳೇ ಕೈಯಲ್ಲಿದ್ದರೆ 60 ವ್ಯಾಟಿನ ಎರಡನ್ನು ಸರಣಿಯಲ್ಲಿ ಜೋಡಿಸಿ: ಎರಡೂ ಸೇರಿ ಸುಮಾರು 40 ವ್ಯಾಟ್ ಕೊಡುತ್ತವೆ, ಕೆಂಪಗೆ ಮಂದವಾಗಿ ಉರಿಯುತ್ತವೆ, ಬಹುಕಾಲ ಬಾಳುತ್ತವೆ. ಆದರೆ ಒಂದು ಹೋದರೆ ಎರಡೂ ಆರುತ್ತವೆ.

ರಿಲೇ ಟಕಟಕನೆ ನಡುಗುತ್ತಿದ್ದರೆ ಅದು ಬೇರೆ ಕಥೆ. 12 ವೋಲ್ಟ್ ಅಡಾಪ್ಟರ್ ದುರ್ಬಲವಾಗಿದೆ. ರಿಲೇ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಬಿಟ್ಟುಕೊಳ್ಳುತ್ತದೆ, ಮತ್ತೆ ಎಳೆಯುತ್ತದೆ. ಒಂದು ಆಂಪಿಯರಿನ ಒಳ್ಳೆಯ ಅಡಾಪ್ಟರ್ ಮಾಡ್ಯೂಲಿಗೂ ಸಣ್ಣ ಫ್ಯಾನಿಗೂ ಸಾಕು. ಇದನ್ನು ಅದೇ ದಿನ ಸರಿಪಡಿಸಿ, ಏಕೆಂದರೆ ನಡುಗುವ ರಿಲೇ ಬೇಗ ಬೆಸೆದುಕೊಳ್ಳುತ್ತದೆ.

ಗುರಿ ಮುಟ್ಟುತ್ತಲೇ ಇಲ್ಲ

ಬಲ್ಬು ಬಿಡದೆ ಉರಿಯುತ್ತಿದೆ, ಅಂಕಿ 35-36ರಲ್ಲೇ ನಿಂತಿದೆ. ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ, ಬರುವುದೂ ಸೋರುವುದೂ ಸಮವಾದ ಮಟ್ಟದಲ್ಲಿ ಅದು ನಿಲ್ಲುತ್ತದೆ. ಒಳಬರುವುದು ಕಡಿಮೆಯೋ, ಸೋರುವುದು ಹೆಚ್ಚೋ ಎಂದಷ್ಟೇ ಕೇಳಿಕೊಳ್ಳಿ.

ಒಳಬರುವುದು ಕಡಿಮೆಯಾಗಲು ಇತ್ತೀಚೆಗೆ ಹೆಚ್ಚಾಗಿ ಕಾಣುವ ಕಾರಣ ಎಲ್‌ಇಡಿ ಬಲ್ಬು. ಪೊಟ್ಟಣದ ಮೇಲೆ 60 ವ್ಯಾಟಿಗೆ ಸಮ ಎಂದು ಬರೆದಿರುತ್ತದೆ. ಆ ಹೋಲಿಕೆ ಬೆಳಕಿನದು. ಅದು ಎಳೆಯುವುದೇ 9 ವ್ಯಾಟ್, ಆದ್ದರಿಂದ ಕೊಡುವ ಬಿಸಿಯೂ ಅಷ್ಟರೊಳಗೇ. ವೋಲ್ಟೇಜ್ ಇಳಿದಾಗಲೂ ಹೀಗಾಗುತ್ತದೆ: 230 ಇರುವಲ್ಲಿ 180 ಬಂದರೆ ಫಿಲಮೆಂಟ್ ಬಲ್ಬಿನ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಕುಸಿಯುತ್ತದೆ. ಸಂಜೆ ಹೊತ್ತಷ್ಟೇ ಬಿಸಿ ಸಾಲದೆ ಹೋಗುತ್ತಿದ್ದರೆ ವೋಲ್ಟೇಜ್ ಅಳೆದು ನೋಡಿ.

ಸೋರಿಕೆಯಲ್ಲಿ ಮೊದಲು ಮುಚ್ಚಳದ ಅಂಚು, ಆಮೇಲೆ ನೋಡುಗಾಜು. ಒಂದೇ ಪದರದ ಗಾಜು ಥರ್ಮಾಕೋಲಿಗಿಂತ ಹಲವು ಪಟ್ಟು ಹೆಚ್ಚು ಬಿಸಿ ಬಿಡುತ್ತದೆ. ಎರಡು ಪದರ ಮಾಡಿ ನಡುವೆ ಬೆರಳಗಲ ಗಾಳಿ ಬಿಡಿ. ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಭ್ರೂಣ ಚಿಪ್ಪಿನ ಸೂಕ್ಷ್ಮರಂಧ್ರಗಳ ಮೂಲಕ ಉಸಿರಾಡುತ್ತದೆ, ಕೊನೆಯ ವಾರದಲ್ಲಿ ಅದಕ್ಕೆ ಆಮ್ಲಜನಕ ಬಹಳ ಬೇಕು. ಕಿಂಡಿ ಮುಚ್ಚಿ ಅಂಕಿ ಏರಿಸಿದರೆ ಪೂರ್ಣ ಬೆಳೆದ ಮರಿ ಚಿಪ್ಪಿನೊಳಗೇ ಸಾಯುತ್ತದೆ.

ನೀರೂ ಬಿಸಿ ಕುಡಿಯುತ್ತದೆ. ದಿನಕ್ಕೆ 200 ಮಿಲಿಲೀಟರ್ ಆವಿಯಾಗಲು ಹೆಚ್ಚುಕಡಿಮೆ 5-6 ವ್ಯಾಟ್ ನಿರಂತರವಾಗಿ ಬೇಕು. 18ನೆಯ ದಿನ ತೇವಾಂಶವನ್ನು ಸುಮಾರು 50ರಿಂದ 65-70 ಪ್ರತಿಶತಕ್ಕೆ ಏರಿಸಲು ಅಗಲವಾದ ತಟ್ಟೆ ಇಟ್ಟಾಗ ಬಿಸಿ ಇಳಿದಂತೆ ಕಾಣುವುದು ಇದರಿಂದಲೇ. ತುಂಬುವ ನೀರು ಬೆಚ್ಚಗಿರಲಿ.

ಹೊಸದಾಗಿ ಮೊಟ್ಟೆ ಇಟ್ಟ ದಿನ ಅಂಕಿ ಕೆಳಗಿದ್ದರೆ ಅದು ದೋಷವಲ್ಲ. 20 ಮೊಟ್ಟೆ ಎಂದರೆ ಒಂದು ಕಿಲೋಗಿಂತ ಹೆಚ್ಚು ತಣ್ಣನೆಯ ತೂಕ; ಒಳಗಿನವರೆಗೂ ಕಾಯಲು ಹಲವು ಗಂಟೆ ಬೇಕು. ಅವಸರಪಟ್ಟು ಗುರಿ ಏರಿಸಿದರೆ ರಾತ್ರಿ ಅದು ಮಿತಿ ಮೀರುತ್ತದೆ. ಇದನ್ನು ತಪ್ಪಿಸಲು ಪೆಟ್ಟಿಗೆಯನ್ನು ಮೊದಲೇ ಒಂದು ಹಗಲು ಒಂದು ರಾತ್ರಿ, ಮೊಟ್ಟೆಯ ಬದಲು ಅಷ್ಟೇ ತೂಕದ ನೀರಿನ ಬಾಟಲಿಗಳನ್ನಿಟ್ಟು ಓಡಿಸಿ ನೋಡುವುದು ಒಳ್ಳೆಯದು. ಖಾಲಿ ಪೆಟ್ಟಿಗೆಯ ನಡತೆಯೂ ತುಂಬಿದ ಪೆಟ್ಟಿಗೆಯ ನಡತೆಯೂ ಒಂದೇ ಅಲ್ಲ.

ಒಂದು ಮೂಲೆ ಬಿಸಿ, ಒಂದು ಮೂಲೆ ತಂಪು

ನಾಲ್ಕು ಮೂಲೆ ಮತ್ತು ನಡುಭಾಗದಲ್ಲಿ, ಮೊಟ್ಟೆಯ ಎತ್ತರದಲ್ಲಿ, ಒಂದೇ ಮಾಪಕವನ್ನು ಜಾಗ ಬದಲಿಸುತ್ತಾ ಇಟ್ಟು ಓದಿ. ಅರ್ಧ ಡಿಗ್ರಿಯೊಳಗೆ ಇದ್ದರೆ ಸರಿ. ಹೆಚ್ಚಿದ್ದರೆ ಫ್ಯಾನ್ ತಿರುಗುತ್ತಿದೆಯೇ, ಗಾಳಿ ಬಲ್ಬಿನ ಬಿಸಿಯನ್ನು ಎತ್ತಿಕೊಂಡು ಇಡೀ ಪೆಟ್ಟಿಗೆಗೆ ಹರಡುತ್ತಿದೆಯೇ, ತಟ್ಟೆ ಗೋಡೆಗೆ ಅಂಟಿಕೊಂಡು ಗಾಳಿಯ ದಾರಿ ಕಟ್ಟಿದೆಯೇ ನೋಡಿ. ಫ್ಯಾನನ್ನು ಬಲ್ಬಿನ ಜೊತೆಗೆ ಹೊತ್ತಿ ಆರುವಂತೆ ಜೋಡಿಸಿದ್ದರೆ ಈಗಲೇ ಬೇರ್ಪಡಿಸಿ. ಅದು ಹಗಲಿರುಳು ತಿರುಗಬೇಕು. ಮರಿಗಳ ತುಪ್ಪಳದ ಧೂಳು ಸೇರಿ ಫ್ಯಾನ್ ನಿಂತಿರುವುದು ಎರಡನೆಯ ಮೂರನೆಯ ಕಂತಿನಲ್ಲಿ ಸಾಮಾನ್ಯ. ಪ್ರತಿ ಕಂತಿನ ನಂತರ ಬಿಚ್ಚಿ ಒರೆಸಿ.

ದಿನ ಕಳೆದಂತೆ ಬಿಸಿ ಏರುತ್ತಿದೆ

ಎರಡನೆಯ ವಾರದಿಂದ ಭ್ರೂಣಗಳು ತಾವೇ ಬಿಸಿ ಹುಟ್ಟಿಸತೊಡಗುತ್ತವೆ. ಬಲ್ಬು ಉರಿಯುವ ಹೊತ್ತು ಕಡಿಮೆಯಾಗುತ್ತಾ ಬಂದರೆ ಅದು ಒಳ್ಳೆಯ ಸುದ್ದಿ, ಮೊಟ್ಟೆಗಳು ಬದುಕಿವೆ. ಗಾಳಿಯ ಅಂಕಿ ಗುರಿಯಲ್ಲೇ ಇರುವವರೆಗೆ ಏನನ್ನೂ ಮಾಡಬೇಕಿಲ್ಲ. ಒತ್ತೊತ್ತಾಗಿ ತುಂಬಿದ ತಟ್ಟೆಯ ನಡುವಿನ ಮೊಟ್ಟೆಗಳ ನಡುವೆ ಮಾತ್ರ ಗಾಳಿ ಆಡದೆ ಬಿಸಿ ಕಟ್ಟಿಕೊಳ್ಳಬಹುದು. ತಿರುಗಿಸುವಾಗ ಅಂಚಿನವನ್ನು ನಡುವಿಗೂ ನಡುವಿನವನ್ನು ಅಂಚಿಗೂ ಬದಲಿಸುತ್ತಾ ಇದ್ದರೆ ಎಲ್ಲಕ್ಕೂ ಸಮಪಾಲು ಸಿಗುತ್ತದೆ.

ವಿದ್ಯುತ್ ಹೋದಾಗ

ಮುಚ್ಚಳ ತೆಗೆಯಬೇಡಿ. ಕಿಂಡಿಗಳನ್ನು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿ. ತೀರಾ ಹೊತ್ತಾದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮೊಟ್ಟೆಗೆ ತಾಗದಂತೆ ಒಳಗಿಡಿ. ವಿದ್ಯುತ್ ಬರುವ ಮೊದಲೇ ಕಂಬಳಿ ತೆಗೆಯಲು ಮರೆಯಬೇಡಿ. ಉರಿಯುವ ಬಲ್ಬಿನ ಪೆಟ್ಟಿಗೆಯ ಮೇಲೆ ಬಟ್ಟೆ ಇರಬಾರದು. ವಿದ್ಯುತ್ ಬಂದ ಮೇಲೆ ಗುರಿಯ ಅಂಕಿ ಹಾಗೆಯೇ ಉಳಿದಿದೆಯೇ ನೋಡಿ. ಕೆಲವು ಥರ್ಮೋಸ್ಟಾಟುಗಳು ಮರೆತುಬಿಡುತ್ತವೆ. ನಿಮ್ಮದು ಯಾವ ಬಗೆಯದು ಎಂಬುದನ್ನು ನೀರಿನ ಬಾಟಲಿಗಳ ಪರೀಕ್ಷೆಯಲ್ಲೇ ಪ್ಲಗ್ ಕಿತ್ತು ತಿಳಿದುಕೊಳ್ಳಬಹುದು.

ಮರಿಗಳು ಹೇಳುವ ಲೆಕ್ಕ

ಎಲ್ಲ ತಪಾಸಣೆ ಮುಗಿದ ಮೇಲೂ ಉಳಿಯುವ ಸಣ್ಣ ತಪ್ಪನ್ನು ಮರಿಗಳೇ ತೋರಿಸಿಕೊಡುತ್ತವೆ. ಹೆಚ್ಚಿನವು 21ನೆಯ ದಿನಕ್ಕೆ, ಒಂದು ದಿನದ ಅಂತರದೊಳಗೆ ಒಡೆದರೆ ನಿಮ್ಮ ಸರಾಸರಿ ಸರಿಯಿದೆ. 19-20ಕ್ಕೇ ಬಂದು, ಮರಿ ಚಿಕ್ಕದಾಗಿ, ಹೊಕ್ಕುಳು ಪೂರ್ತಿ ಮುಚ್ಚದೆ ಇದ್ದರೆ ಬಿಸಿ ಹೆಚ್ಚಾಗಿತ್ತು. 22 ದಾಟಿ, ಮರಿ ದಪ್ಪಗೆ ಮೆತ್ತಗೆ ಇದ್ದು ನಿಲ್ಲಲು ತಿಣುಕಿದರೆ ಕಡಿಮೆಯಾಗಿತ್ತು. ಒಂದೇ ಕಂತಿನಲ್ಲಿ ಕೆಲವು ಬೇಗ, ಕೆಲವು ತೀರಾ ತಡವಾಗಿ ಬಂದರೆ ಸರಾಸರಿಯನ್ನು ಮುಟ್ಟಬೇಡಿ. ಮೂಲೆಗಳ ಓದಿಗೆ ಮರಳಿ. ಉಳಿದ ಎರಡು ಸಂದರ್ಭಗಳಲ್ಲಿ ಸೆನ್ಸರನ್ನು ಇನ್ನೊಮ್ಮೆ ಲೋಟದ ನೀರಿನಲ್ಲಿ ಪರೀಕ್ಷಿಸಿ. ಅದು ಸರಿಯಿದ್ದರೆ ಮಾತ್ರ ಮುಂದಿನ ಕಂತಿಗೆ ಗುರಿಯನ್ನು 0.2 ಅಥವಾ 0.3 ಡಿಗ್ರಿ ಬದಲಿಸಿ, ಬದಲಿಸಿದ ಅಂಕಿಯನ್ನು ದಿನಾಂಕದ ಜೊತೆ ಪೆಟ್ಟಿಗೆಯ ಮೇಲೆಯೇ ಬರೆದಿಡಿ.